ದನಿ ಮುಂದೆ, ವಾದ್ಯ ಹಿಂದೆ

ನಮ್ಮ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಯಾವುದನ್ನು ಕುರಿತು ಬರೆಯಲಿ ಎಂಬ ಚಿಂತೆ ನನ್ನನ್ನು ನಾಲ್ಕು ದಿನ ಕಾಡಿತು. ವಿದ್ಯಾರ್ಥಿ ಮತ್ತು ಶಿಸ್ತು, ಪ್ರಜಾಪ್ರಭುತ್ವದಲ್ಲಿ ಯುವಕರ ಹೊಣೆ, ಗ್ರಂಥಾಲಯದ ಮಹತ್ವ, ಇವೆಲ್ಲ ದೊಡ್ಡ ವಿಷಯಗಳು. ನನಗಿಂತ ಬಲ್ಲವರು ಬರೆದೇ ಬರೆಯುತ್ತಾರೆ. ನಾನು ಸ್ವಲ್ಪ ಮಟ್ಟಿಗೆ ಅರಿತಿರುವ ವಿಷಯ ಒಂದೇ: ಮನೆಯಲ್ಲಿ ಕುಳಿತು ಹಾಡನ್ನು ಮುದ್ರಿಸಿ, ಅದಕ್ಕೆ ವಾದ್ಯಗಳನ್ನು ಸೇರಿಸಿ ಹದಗೊಳಿಸುವ ಕೆಲಸ. ಇದರಲ್ಲಿ ನಾನು ಪಂಡಿತನೇನೂ ಅಲ್ಲ. ಆದರೆ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ತಪ್ಪು ಮಾಡಿದವನಿಗೆ ಎಚ್ಚರಿಕೆ ಹೇಳುವ ಅಧಿಕಾರ ಅಷ್ಟಿಷ್ಟು ಉಂಟೆಂದು ನಂಬಿ ಈ ನಾಲ್ಕು ಮಾತುಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಈಗ ನಮ್ಮ ತರಗತಿಯಲ್ಲೇ ಎಣಿಸಿದರೆ ಐದಾರು ಮಂದಿಯಾದರೂ ಮನೆಯಲ್ಲಿ ಹಾಡು ಮುದ್ರಿಸುವವರು ಸಿಕ್ಕುತ್ತಾರೆ. ಒಬ್ಬನ ಬಳಿ ಮೈಕು, ಇನ್ನೊಬ್ಬನ ಬಳಿ ಹಳೆಯ ಲ್ಯಾಪ್‌ಟಾಪು, ಮತ್ತೊಬ್ಬಳ ಬಳಿ ಕೀಬೋರ್ಡು. ಮೂವರು ಕೂಡಿದರೆ ಒಂದು ಸ್ಟುಡಿಯೋ ಆಯಿತು. ಒಂದು ಕಾಲದಲ್ಲಿ ಇದು ಕನಸಿನ ಮಾತಾಗಿತ್ತು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಎಂಬಾತ 1957ರಲ್ಲಿ ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಟೇಪು ಯಂತ್ರವನ್ನು ಆಂಪೆಕ್ಸ್ ಸಂಸ್ಥೆಯಿಂದ ಮಾಡಿಸಿಕೊಂಡಾಗ ಅದು ಆಳೆತ್ತರದ ಯಂತ್ರ. ಇಂದು 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ಉಚಿತ ತಂತ್ರಾಂಶ ನಮ್ಮ ಮೇಜಿನ ಮೇಲೆ ಎಂಟೇನು, ಎಂಬತ್ತು ಟ್ರ್ಯಾಕುಗಳನ್ನು ಬೇಕಾದರೂ ಒಂದರ ಕೆಳಗೊಂದು ಹಾಸಿಕೊಡುತ್ತದೆ. ಸಾಧನ ಕೈಗೆ ಬಂದಿದೆ. ಅದನ್ನು ಬಳಸುವ ವಿವೇಕ ಬಂದಿದೆಯೇ ಎಂಬುದೇ ನನ್ನ ಪ್ರಶ್ನೆ.

ಇನ್ನು ನನ್ನ ಕಥೆಗೆ ಬರುತ್ತೇನೆ. ನನ್ನ ಅಜ್ಜಿಯ ಮನೆ ಭದ್ರಾವತಿಯ ಆಚೆ, ಭದ್ರಾ ನಾಲೆಯ ನೀರು ಹರಿಯುವ ಒಂದು ಹಳ್ಳಿಯಲ್ಲಿ. ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದರೂ ಅಜ್ಜಿ ತನ್ನ ಬೀಸುವ ಕಲ್ಲನ್ನು ಅಡುಗೆಮನೆಯ ಮೂಲೆಯಿಂದ ಕದಲಿಸಲು ಬಿಟ್ಟಿರಲಿಲ್ಲ. ಆಕೆಗೆ ಬೀಸುವ ಪದಗಳು ಹತ್ತಿಪ್ಪತ್ತು ಬರುತ್ತಿದ್ದವು. 2023ರ ಡಿಸೆಂಬರಿನಲ್ಲಿ ಒಂದು ಭಾನುವಾರ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಏನಾದರೂ ಹೊಸತು ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಫೋನು ಹಿಡಿದು ಆಕೆಯ ಮುಂದೆ ಕುಳಿತೆ. ಸುಮ್ಮನೆ ಹಾಡು ಎಂದರೆ ಅಜ್ಜಿಗೆ ಪದ ನೆನಪಿಗೇ ಬರಲಿಲ್ಲ. "ಕಲ್ಲು ತಿರುಗಿದ್ರೆ ಪದ ತಾನಾಗೇ ಬರ್ತದೆ ಕಣೋ ಮಗಾ" ಎಂದು ಕಲ್ಲಿನ ಮುಂದೆ ಕಾಲು ಚಾಚಿ ಕುಳಿತಳು. ಬರಿಗಲ್ಲು ತಿರುಗಿಸಬಾರದೆಂದು ಒಂದು ಹಿಡಿ ರಾಗಿಯನ್ನೂ ಹಾಕಿಕೊಂಡಳು. ಕಲ್ಲು ಗುರುಗುಟ್ಟಿತು, ಬಳೆ ಸದ್ದಾಯಿತು, ಪದ ಬಂತು. ನಾಲ್ಕು ನಿಮಿಷ ಹಾಡಿ, ಹಿಟ್ಟು ಬಳಿದು, ಎದ್ದುಹೋದಳು. ಮುದ್ರಣ ಮುಗಿಯಿತು.

ಆ ನಾಲ್ಕು ನಿಮಿಷವನ್ನು ಜೇಬಿನಲ್ಲಿಟ್ಟುಕೊಂಡು ನಾನು ಮರುವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಅಲ್ಲಿ ನನ್ನ ಗೆಳೆಯನೊಬ್ಬನ ಮನೆಯ ಮಹಡಿಯ ಕೋಣೆಯೇ ನಮ್ಮ ಸ್ಟುಡಿಯೋ. ಗೋಡೆಗೆ ಹಳೆಯ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ ಬೆವರುತ್ತ ಕೂರುವ ಸ್ಥಳ ಅದು. ಗೆಳೆಯ ತಬಲ ಬಲ್ಲವನು. ಇನ್ನೊಬ್ಬ ಕೀಬೋರ್ಡಿನವನು, ಒಬ್ಬ ಹಾರ್ಮೋನಿಯಂ, ಒಬ್ಬ ಸಹಪಾಠಿನಿ ಕೊಳಲು. ನಾನು ಯಂತ್ರದ ಮುಂದೆ. ಎಲ್ಲರಿಗೂ ಅಜ್ಜಿಯ ಪದ ಬಹಳ ಹಿಡಿಸಿತು. ಹಿಡಿಸಿದ ಮೇಲೆ ಅದನ್ನು "ಚೆನ್ನಾಗಿ ಮಾಡುವ" ಕೆಲಸಕ್ಕೆ ಕೈಹಾಕಿದೆವು.

ಮೊದಲು, ಹಿಂದೆ ಗುರುಗುಟ್ಟುತ್ತಿದ್ದ ಕಲ್ಲಿನ ಸದ್ದು ಗಲಾಟೆಯೆನಿಸಿತು. ಗಲಾಟೆ ಅಳಿಸುವ ಗುಂಡಿ ತಂತ್ರಾಂಶದಲ್ಲಿಯೇ ಇದೆಯಲ್ಲ. ಎರಡು ಸಲ ಒತ್ತಿದೆವು, ಕಲ್ಲು ಹೋಯಿತು. ಅನಂತರ, ಅಜ್ಜಿಯ ಲಯ ಒಂದೇ ಸಮನಾಗಿಲ್ಲವೆಂದು ಕಂಡಿತು. ಹಿಟ್ಟು ದಪ್ಪ ಬಂದರೆ ಕಲ್ಲು ನಿಧಾನ, ಕಲ್ಲು ನಿಧಾನವಾದರೆ ಪದ ನಿಧಾನ. ಅದು ಆ ಹಾಡಿನ ಧರ್ಮ. ತಬಲಕ್ಕೆ ಅದು ಒಗ್ಗಲಿಲ್ಲ. ನಿಮಿಷಕ್ಕೆ 80 ಪೆಟ್ಟಿನ ಒಂದು ಯಂತ್ರತಾಳವನ್ನಿಟ್ಟು, ಅಜ್ಜಿಯ ದನಿಯನ್ನು ಅಲ್ಲಲ್ಲಿ ಕತ್ತರಿಸಿ, ಎಳೆದು, ಅದಕ್ಕೆ ಕೂಡಿಸಿದೆವು. ಹೀಗೆ ಮುಂದೆ ನಡೆಯಬೇಕಾದವಳು ಹಿಂದೆ ನಡೆಯುವಂತಾಯಿತು. ಆ ಮೇಲೆ ವಾದ್ಯಗಳು ಬಂದವು.

ಮಿಕ್ಸಿಂಗ್ ಎಂಬ ಕೆಲಸ ಶುರುವಾದದ್ದು ರಾತ್ರಿ ಹತ್ತು ಗಂಟೆಗೆ. ಅದು ಹೇಗೆ ನಡೆಯಿತೆಂಬುದನ್ನು ವಿವರಿಸಿದರೆ ವಾಚಕರಲ್ಲಿ ಅನುಭವಸ್ಥರು ನಗುತ್ತಾರೆ. ತಬಲದವನು "ಎಡ ಕೇಳಿಸುತ್ತಿಲ್ಲ, ಸ್ವಲ್ಪ ಏರಿಸು" ಎಂದ, ಏರಿಸಿದೆ. ಕೂಡಲೇ ಕೊಳಲಿನಾಕೆ "ಈಗ ನಾನು ಮುಚ್ಚಿಹೋದೆ" ಎಂದಳು, ಏರಿಸಿದೆ. ಹಾರ್ಮೋನಿಯಂ ಮುನಿಸಿಕೊಂಡಿತು, ಅದನ್ನೂ ಏರಿಸಿದೆ. ಕೀಬೋರ್ಡಿನವನು ಮಾತನಾಡಲಿಲ್ಲ, ತಾನೇ ಕೈಚಾಚಿ ಏರಿಸಿಕೊಂಡ. ಕೋಣೆಯಲ್ಲಿ ತನ್ನ ಪರವಾಗಿ ವಾದಿಸುವವರು ಎಲ್ಲರಿಗೂ ಇದ್ದರು, ಅಜ್ಜಿಗೆ ಮಾತ್ರ ಇರಲಿಲ್ಲ. ಆಕೆ 20 ಕಿಲೋಮೀಟರು ಆಚೆ ಹಳ್ಳಿಯಲ್ಲಿ ಮಲಗಿದ್ದಳು. ಆಕೆಯ ವಕೀಲನಾಗಬೇಕಿದ್ದವನು ನಾನು. ನನ್ನ ಬೆರಳು ಗೆಳೆಯರ ಮಾತು ಕೇಳುತ್ತಿತ್ತು. ಕೊನೆಗೆ ಹಾಡಿಗೆ "ಗಾಂಭೀರ್ಯ ಬರಲಿ" ಎಂದು ದೊಡ್ಡ ಸಭಾಂಗಣದ ಅನುರಣನವನ್ನೂ ಸುರಿದು, ಬೆಳಗಿನ ಜಾವ ಮೂರು ಗಂಟೆಗೆ ಇಯರ್‌ಫೋನಿನಲ್ಲಿ ಕೇಳಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

2024ರ ಮಾರ್ಚಿನಲ್ಲಿ ವಾರ್ಷಿಕೋತ್ಸವ. ಅಜ್ಜಿಯನ್ನು ಹೊಸ ಸೀರೆಯುಡಿಸಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಹಾಡು ದೊಡ್ಡ ಸ್ಪೀಕರುಗಳಲ್ಲಿ ಮೊಳಗಿತು. ಎಡತಬಲದ ಗುಂ ಎಂಬ ಸದ್ದು ಎದೆಗೆ ಬಡಿಯಿತು. ಕೀಬೋರ್ಡು ಮೋಡದಂತೆ ಹಬ್ಬಿತು. ಹುಡುಗರು ಸಿಳ್ಳು ಹಾಕಿದರು. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಆಕೆ ಬಹಳ ಮರ್ಯಾದೆಯಿಂದ, ಇತರರ ಹಾಡನ್ನು ಕೇಳುವವಳಂತೆ ಕೇಳುತ್ತಿದ್ದಳು. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಬಾಗಿ ನನ್ನ ಕಿವಿಯ ಬಳಿ ಕೇಳಿದಳು: "ನಂದು ಯಾವಾಗ ಹಾಕ್ತಾರೋ ಮಗಾ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನವೇ ಅದರ ಉತ್ತರವೆಂದು ಬೇಕಾದರೆ ಭಾವಿಸಿಕೊಳ್ಳಿ.

ನನ್ನ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ. ವಾದ್ಯಗಳ ಹದವೆಂದರೆ ಎಲ್ಲವನ್ನೂ ಸಮನಾಗಿ ಕೇಳಿಸುವುದೆಂದು ನಾವು ತಿಳಿದಿದ್ದೇವೆ, ಅದು ತಪ್ಪು. ಹಾಡು ಯಾರದೆಂದು ಮೊದಲು ನಿಶ್ಚಯಿಸಿ, ಅವರಿಗಾಗಿ ಉಳಿದವರು ಇಳಿಯುವುದೇ ಹದ. ಅಡುಗೆಯಲ್ಲಿ ಉಪ್ಪು, ಹುಳಿ, ಖಾರ, ಬೆಲ್ಲಗಳನ್ನು ಸೇರು ಸೇರಾಗಿ ಸಮನಾಗಿ ಹಾಕಿ ಯಾರೂ ಸಾರು ಮಾಡುವುದಿಲ್ಲ. ಬೇಳೆ ಬೇಳೆಯಾಗಿಯೇ ಇರಬೇಕು, ಇಂಗು ಇಂಗಾಗಿಯೇ ಇರಬೇಕು.

ಇದೇನು ಹೊಸ ತತ್ತ್ವವಲ್ಲ. ಧ್ವನಿಮುದ್ರಣ ನಮ್ಮ ದೇಶಕ್ಕೆ ಬಂದ ದಿನದಿಂದಲೂ ಹದದ ಪ್ರಶ್ನೆ ಇದ್ದೇ ಇದೆ. 1902ರಲ್ಲಿ ಗ್ರಾಮಫೋನ್ ಸಂಸ್ಥೆಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ ವಿದ್ಯುತ್ ಮೈಕು ಇರಲಿಲ್ಲ. ಒಂದು ದೊಡ್ಡ ತುತ್ತೂರಿ. ಅದರ ಬಾಯಿಗೆ ಹಾಡಬೇಕು, ಅದರ ಇನ್ನೊಂದು ತುದಿಯಲ್ಲಿ ಸೂಜಿ ಮೇಣವನ್ನು ಕೊರೆಯಬೇಕು. ಏರಿಸುವ ಇಳಿಸುವ ಗುಂಡಿಗಳೇ ಇಲ್ಲ. ಹಾಡುವವರು ತುತ್ತೂರಿಯ ಬಾಯಿಗೆ ಹತ್ತಿರ, ಪಕ್ಕವಾದ್ಯದವರು ಅಷ್ಟಷ್ಟು ದೂರ. ಮೂರು ನಿಮಿಷದ ಆ ತಟ್ಟೆಗಳಲ್ಲಿ ಇಂದಿಗೂ ಕರಕರ ಸದ್ದಿನ ನಡುವೆ ಗಾಯಕಿಯ ದನಿ ಎದ್ದು ಬರುತ್ತದೆ. ಏಕೆಂದರೆ ಯಾರು ಎಲ್ಲಿ ಕೂರಬೇಕೆಂಬುದನ್ನು ಮುದ್ರಣಕ್ಕೆ ಮೊದಲೇ ನಿಶ್ಚಯಿಸಿದ್ದರು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು. 1925ರಿಂದ ವಿದ್ಯುತ್ ಮುದ್ರಣ ಬಂದ ಮೇಲೆ ತುತ್ತೂರಿಯ ಕಾಲ ಮುಗಿಯಿತು. ಹತ್ತಿರ ದೂರದ ನ್ಯಾಯ ಮುಗಿಯಲಿಲ್ಲ.

"ಹಾಗಾದರೆ ಏರಿಸುವುದೇ ತಪ್ಪೇ?" ಎಂದು ಯಾರಾದರೂ ಕೇಳಬಹುದು. ತಪ್ಪಲ್ಲ. ನಮ್ಮ ಟಿ. ಚೌಡಯ್ಯನವರು ಏರಿಸಲಿಲ್ಲವೇ? ಧ್ವನಿವರ್ಧಕಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಹಿಂದಿನ ಸಾಲಿಗೆ ತಲುಪುತ್ತಿಲ್ಲವೆಂದು ಅವರು ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೆ ಮೂರು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರು. ಅಲ್ಲಿ ನಿಜವಾದ ಕೊರತೆಯಿತ್ತು. ಅದನ್ನು ತುಂಬಲು ಒಬ್ಬ ಮಹಾವಿದ್ವಾಂಸರು ಹೊಸ ಸಾಧನೆಯನ್ನೇ ಮಾಡಬೇಕಾಯಿತು. ನಮ್ಮ ಕಾಲದ ಕೊರತೆ ಬೇರೆ. ಏರಿಸಲು ಇಂದು ಸಾಧನೆ ಬೇಡ, ಬೆರಳ ತುದಿ ಸಾಕು. ಆದುದರಿಂದಲೇ ಇಳಿಯುವುದು ಇಂದಿನ ಸಾಧನೆಯಾಗಿದೆ.

ಇಳಿಯುವ ವಿದ್ಯೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು; ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು. ಗಮಕದಲ್ಲಿ ಕಾವ್ಯವನ್ನು ರಾಗವಾಗಿ ವಾಚಿಸುವವರೊಬ್ಬರು, ಅರ್ಥ ವಿವರಿಸುವವರೊಬ್ಬರು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಮೌನ. ತಾಳದ ಕಟ್ಟೂ ಇಲ್ಲ, ಪದದ ಅರ್ಥವೇ ಅಲ್ಲಿ ಯಜಮಾನ. ಹಾಗೆಯೇ ನಮ್ಮ ಸಾಗರ, ಹೊಸನಗರದ ಕಡೆ ಇರುಳೆಲ್ಲ ನಡೆಯುವ ಯಕ್ಷಗಾನವನ್ನು ನೋಡಿ. ಭಾಗವತರ ಪದಕ್ಕೆ ಮದ್ದಳೆ ಜೊತೆಗಿರುತ್ತದೆ. ಚಂಡೆ ಎಲ್ಲ ಪದಕ್ಕೂ ಬಾರಿಸುವ ವಾದ್ಯವಲ್ಲ. ಯುದ್ಧ ಬರಲಿ, ವೀರವೇಷ ಬರಲಿ, ಆಗ ಚಂಡೆ ಗುಡುಗುತ್ತದೆ. ಕರುಣರಸದ ಪದಕ್ಕೆ ಅದು ಸುಮ್ಮನಿರುತ್ತದೆ. ಚಂಡೆಯವರಿಗೆ ಅದರಿಂದ ಅವಮಾನವಾಯಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸುಮ್ಮನಿದ್ದುದರಿಂದಲೇ ಅದು ಗುಡುಗಿದಾಗ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ.

ಸುಗಮ ಸಂಗೀತದ ಪರಂಪರೆಯೂ ಇದನ್ನೇ ಹೇಳುತ್ತದೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮನೆಯ ಗೂಡಿನಲ್ಲಿದ್ದ ರೇಡಿಯೋವಿಗೆ ಒಂದೇ ಸ್ಪೀಕರು, ಅದೂ ಅಂಗೈಯಗಲದ್ದು. ಆದರೂ ಭಾವಗೀತೆಯ ಒಂದೊಂದು ಅಕ್ಷರವೂ ಅಡುಗೆಮನೆಯವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತೆಂದು ನಮ್ಮ ತಂದೆಯವರು ಇಂದಿಗೂ ನೆನೆಯುತ್ತಾರೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಮನೆಮನೆಗೆ ಹೋದದ್ದು ಕವಿಯ ಮಾತು ಕೇಳುವವರ ನಾಲಗೆಗೆ ಬಂದದ್ದರಿಂದ. ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಹಚ್ಚಿಕೊಂಡಿದ್ದ ಶಿವಮೊಗ್ಗ ಸುಬ್ಬಣ್ಣನವರು, 'ಕಾಡು ಕುದುರೆ' ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟು 2022ರಲ್ಲಿ ನಮ್ಮನ್ನಗಲಿದವರು, ಹಾಡುವಾಗ ಪದದ ಕೊನೆಯ ಅಕ್ಷರವೂ ಕೇಳುಗನಿಗೆ ತಪ್ಪುತ್ತಿರಲಿಲ್ಲ. ಸಾಹಿತ್ಯ ಮುಂದೆ, ವಾದ್ಯ ಹಿಂದೆ ಎಂಬುದು ಈ ಹಿರಿಯರ ಅಲಿಖಿತ ನಿಯಮ.

ನಿಯಮವನ್ನು ಹೇಳಿದ್ದಾಯಿತು, ಅದನ್ನು ಯಂತ್ರದ ಮುಂದೆ ನಡೆಸುವುದು ಹೇಗೆ? ನನ್ನ ತಪ್ಪಿನ ಅನಂತರ ಒಂದು ವರ್ಷ ಓದಿ, ಕೇಳಿ, ಮಾಡಿನೋಡಿ ಕಲಿತದ್ದನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಹದದ ಮುಕ್ಕಾಲು ಪಾಲು ಮುದ್ರಣದ ವೇಳೆಯಲ್ಲೇ ಆಗಬೇಕು. ತೆರೆದ ಬಯಲಿನಲ್ಲಿ ಮೈಕಿನ ದೂರ ಇಮ್ಮಡಿಯಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳ ಮರುದನಿಯಿಂದ ಇಳಿತ ಸ್ವಲ್ಪ ಕಡಮೆ. ಹಾಡುವವರ ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿದ್ದರೆ ದನಿ ತುಂಬಿ ಬರುತ್ತದೆ, ಕೋಣೆಯ ಗೋಡೆ ಮಾತನಾಡುವುದಿಲ್ಲ. ಯಂತ್ರದ ಅಳತೆಯಲ್ಲಿ ಸೊನ್ನೆಯೇ ತುದಿ. ಅದನ್ನು ಮೀರಿದ ನಾದ ಒಡೆದುಹೋಗುತ್ತದೆ, ಯಾವ ವಿದ್ಯೆಯಿಂದಲೂ ಪೂರ್ತಿ ಸರಿಹೋಗದು. ಅತಿ ಎತ್ತರದ ಸ್ವರವೂ ಸೊನ್ನೆಗಿಂತ 6 ಡೆಸಿಬೆಲ್ ಕೆಳಗಿರುವಂತೆ ನೋಡಿಕೊಂಡರೆ ಭಯವಿಲ್ಲ. ಮಲೆನಾಡಿನವರಾದ ನಾವು ಇನ್ನೂ ಒಂದು ಮಾತು ನೆನಪಿಡಬೇಕು: ಜೂನ್, ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಮುದ್ರಣಕ್ಕೆ ಕೂರಬಾರದು.

ಎರಡನೆಯದಾಗಿ, ಮಿಕ್ಸಿಂಗ್ ಆರಂಭಿಸುವಾಗ ಎಲ್ಲ ಟ್ರ್ಯಾಕುಗಳನ್ನೂ ಮುಚ್ಚಿ, ಹಾಡಿನ ದನಿಯೊಂದನ್ನೇ ತೆರೆಯಬೇಕು. ಅದರ ಮಟ್ಟವನ್ನು ನಿಲ್ಲಿಸಿದ ಮೇಲೆ ಮತ್ತೆ ಮುಟ್ಟಬಾರದು. ಅನಂತರ ಒಂದೊಂದೇ ವಾದ್ಯವನ್ನು ಸೊನ್ನೆಯಿಂದ ಮೆಲ್ಲಗೆ ತರಬೇಕು. ಮಾತಿನ ಒಂದು ಅಕ್ಷರ ಮಸುಕಾಯಿತೆಂದರೆ ವಾದ್ಯ ತನ್ನ ಎಲ್ಲೆ ದಾಟಿತೆಂದು ತಿಳಿದು ಎರಡು ಡೆಸಿಬೆಲ್ ಹಿಂದಕ್ಕೆ ಇಡಬೇಕು. ಯಾರಾದರೂ "ನನ್ನದು ಕೇಳಿಸುತ್ತಿಲ್ಲ" ಎಂದರೆ, ಅವರದನ್ನು ಏರಿಸುವುದಕ್ಕೆ ಮೊದಲು ಅವರನ್ನು ಮುಚ್ಚುತ್ತಿರುವುದು ಯಾವುದೆಂದು ಹುಡುಕಿ ಅದನ್ನು ಇಳಿಸಬೇಕು. ಸುಮಾರು 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಎರಡು ಮೂರು ಡೆಸಿಬೆಲ್ ಇಳಿದರೆ ವಾದಕನಿಗೂ ತಿಳಿಯುವುದು ಕಷ್ಟ, ಹಾಡಿಗೆ ಮಾತ್ರ ಉಸಿರಾಡಲು ಜಾಗ ಸಿಕ್ಕುತ್ತದೆ.

ಮೂರನೆಯದಾಗಿ, ಒಂದೇ ಜಾಗದಲ್ಲಿ ಇಬ್ಬರು ಕೂರಲಾರರು ಎಂಬ ನ್ಯಾಯ ನಾದಕ್ಕೂ ಉಂಟು. ಹಾರ್ಮೋನಿಯಂ ಮತ್ತು ಹೆಂಗಸಿನ ದನಿ ಹೆಚ್ಚು ಕಡಮೆ ಒಂದೇ ಎತ್ತರದ ಸ್ವರಗಳಲ್ಲಿ ಓಡಾಡುತ್ತವೆ. ಆದುದರಿಂದ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಮಾತಿನ ಸ್ಪಷ್ಟತೆ ಇರುವುದು ಬಹುಮಟ್ಟಿಗೆ 2000ದಿಂದ 5000 ಹರ್ಟ್ಸ್‌ಗಳ ನಡುವೆ. ಕೀಬೋರ್ಡು, ಹಾರ್ಮೋನಿಯಂಗಳನ್ನು ಆ ಪ್ರದೇಶದಲ್ಲಿ ಮಾತ್ರ ಮೂರು ಡೆಸಿಬೆಲ್‌ನಷ್ಟು ತಗ್ಗಿಸಿದರೆ ದನಿಯನ್ನು ಕೂದಲೆಳೆಯಷ್ಟೂ ಏರಿಸದೆ ಅಕ್ಷರಗಳು ಬೆಳಗುತ್ತವೆ. ಇನ್ನೂ ಸರಳವಾದ ಉಪಾಯವೊಂದಿದೆ: ಅಜ್ಜಿ ಹಾಡುವಾಗ ಕೊಳಲು ಸುಮ್ಮನಿರಲಿ, ಅಜ್ಜಿ ಉಸಿರೆಳೆದುಕೊಳ್ಳುವಾಗ ಕೊಳಲು ಹಾಡಲಿ. ಇದಕ್ಕೆ ಯಂತ್ರವೇ ಬೇಡ, ಸೌಜನ್ಯ ಸಾಕು.

ನಾಲ್ಕನೆಯದಾಗಿ, ಮೆಲ್ಲಗಿಟ್ಟು ಕೇಳಬೇಕು. ನಮ್ಮ ಕಿವಿ ಎಲ್ಲ ಮಟ್ಟದಲ್ಲೂ ಒಂದೇ ರೀತಿ ಕೇಳುವುದಿಲ್ಲವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಜೋರಾಗಿಟ್ಟರೆ ತಗ್ಗಿನ ನಾದಗಳು ಉಬ್ಬಿ ಎಲ್ಲವೂ ಸೊಗಸಾಗಿ ತೋರುತ್ತದೆ. ಆ ಸೊಗಸು ನಮ್ಮ ಕಿವಿಯ ಮಾಯೆ. ಇಬ್ಬರು ಪಕ್ಕದಲ್ಲಿ ಮಾತನಾಡಿಕೊಳ್ಳುವಷ್ಟೇ ಮಟ್ಟದಲ್ಲಿಟ್ಟು ಕೇಳಿದಾಗಲೂ ಪದ ತಿಳಿದರೆ ಹದ ಸರಿಯಾಗಿದೆಯೆಂದರ್ಥ. ಇಯರ್‌ಫೋನನ್ನು ನಂಬಿ ಕೆಡಬಾರದು. ಅದರಲ್ಲಿ ಎಡದ ವಾದ್ಯ ಎಡಕಿವಿಗೆ, ಬಲದ್ದು ಬಲಕಿವಿಗೆ ಬೇರೆ ಬೇರೆಯಾಗಿ ಬಂದು ಯಾವುದೂ ಯಾವುದನ್ನೂ ಮುಚ್ಚಿದಂತೆ ತೋರುವುದಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಒಂದೇ ಸ್ಪೀಕರಿನ ಫೋನಿನಲ್ಲಿ ಹತ್ತು ಮಂದಿ ಕೂಡಿ ಕೇಳುವಾಗ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಕೊನೆಯ ಪರೀಕ್ಷೆ ಆ ಕಟ್ಟೆಯ ಮೇಲೆ ಆಗಬೇಕು, ಅದೂ ರಾತ್ರಿ ಮೂರು ಗಂಟೆಗಲ್ಲ, ಮರುದಿನ ಬೆಳಿಗ್ಗೆ ಕಿವಿ ತಣಿದ ಮೇಲೆ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕು. "ಇವೆಲ್ಲ ಮನೆಯಲ್ಲಿ ಮಾಡುವ ಕೆಲಸವೇ? ಬೆಂಗಳೂರಿನ ಸ್ಟುಡಿಯೋಕ್ಕೆ ಹೋಗಬಾರದೇ?" ಎನ್ನುವ ಹಿರಿಯರಿದ್ದಾರೆ. ಅವರಿಗೆ ನಾನು ವಿನಯದಿಂದ ನೆನಪಿಸುವುದು ಇಷ್ಟೇ: 1935ರಲ್ಲಿ ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ನಿಲಯವನ್ನು ಆರಂಭಿಸಿದ್ದು ತಮ್ಮ ಮನೆಯಲ್ಲಿ, 30 ವಾಟ್ ಶಕ್ತಿಯ ಸಣ್ಣ ಯಂತ್ರವೊಂದರಿಂದ. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ನಿಲಯದ್ದು. ಇಂದು ದೇಶಕ್ಕೆಲ್ಲ ಅದೇ ಹೆಸರು. ಕಾಲೇಜಿನ ಒಬ್ಬ ಅಧ್ಯಾಪಕರ ಮನೆಯಿಂದ ಅಷ್ಟಾಗಬಹುದಾದರೆ ನಮ್ಮ ಮಹಡಿಯ ಕೋಣೆಯಿಂದ ಒಂದು ಹಾಡು ಬಾರದೇ? ಅಲ್ಲದೆ ಅಜ್ಜಿಯನ್ನು ಬೆಂಗಳೂರಿಗೆ ಕರೆದೊಯ್ಯಬಹುದು, ಬೀಸುವ ಕಲ್ಲನ್ನು ಕರೆದೊಯ್ಯಲಾದೀತೇ?

ಎರಡನೆಯ ಆಕ್ಷೇಪಣೆ ಗೆಳೆಯರದು. "ಕಾಲ ಬದಲಾಗಿದೆ. ಬರಿಯ ದನಿಯನ್ನು ಯಾರು ಕೇಳುತ್ತಾರೆ? ವಾದ್ಯ ಜೋರಾಗಿದ್ದರೇ ಹುಡುಗರು ನಿಂತು ಕೇಳುತ್ತಾರೆ" ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲವೆಂದು ಹೇಳಲಾರೆ; ಅಂದು ಸಿಳ್ಳು ಬಿದ್ದದ್ದು ನಿಜ. ಕುಣಿಯುವ ಹಾಡಿಗೆ ತಾಳವೇ ಯಜಮಾನನಾಗಲಿ, ನನ್ನದೇನೂ ತಕರಾರಿಲ್ಲ. ಯಾರ ಹಾಡೆಂದು ನಿಶ್ಚಯಿಸಿ ಎಂದೇ ನಾನು ಹೇಳುತ್ತಿರುವುದು. ಆದರೆ ಅಜ್ಜಿಯ ಪದವನ್ನು ಹಾಕುತ್ತೇವೆಂದು ಹೇಳಿ ನಮ್ಮ ತಬಲವನ್ನು ಕೇಳಿಸುವುದು ನ್ಯಾಯವಲ್ಲ. ಅಂದು ಸಿಳ್ಳು ಹಾಕಿದ ಹುಡುಗರನ್ನು ಆ ಹಾಡಿನ ಒಂದು ಮಾತು ಹೇಳಿರೆಂದು ಮರುದಿನ ಕೇಳಿದೆ. ಒಬ್ಬನಿಗೂ ಬರಲಿಲ್ಲ.

ಇನ್ನು ಕಥೆಯ ಉಳಿದ ಭಾಗ. 2024ರ ಜುಲೈನಲ್ಲಿ ಅಜ್ಜಿ ತೀರಿಕೊಂಡಳು. ಹದಿಮೂರನೆಯ ದಿನ ಮನೆಯವರೆಲ್ಲ ಕುಳಿತಿದ್ದಾಗ ನಮ್ಮ ತಾಯಿ, "ಅವತ್ತು ನಿನ್ನ ಫೋನಿಗೆ ಹಾಡಿದ್ದಳಲ್ಲ, ಅದನ್ನು ಹಾಕು" ಎಂದರು. ನಾನು ಹುಡುಕಿದೆ. ಫೋನಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸಿದ್ದೆ; ಗೆಳೆಯನ ಯಂತ್ರದಲ್ಲಿಯೂ ಬಿಡಿ ಟ್ರ್ಯಾಕುಗಳನ್ನು ತೆಗೆದುಹಾಕಿ ಮಿಶ್ರಣವೊಂದನ್ನೇ ಉಳಿಸಿದ್ದೆವು. ಆ ನಾಲ್ಕು ನಿಮಿಷದ ಮೂಲಕ್ಕೆ ಬೇಕಿದ್ದ ಜಾಗ ಹೆಚ್ಚೆಂದರೆ 35 ಮೆಗಾಬೈಟು. ಹಾಕಿದೆ, ಇದ್ದದ್ದನ್ನೇ ಹಾಕಿದೆ. ತಬಲ ಮೊಳಗಿತು, ಕೀಬೋರ್ಡು ಹಬ್ಬಿತು. ತಾಯಿ ಫೋನನ್ನು ಕಿವಿಗೆ ಒತ್ತಿಕೊಂಡು ಒಳಗೆಲ್ಲೋ ಇರುವ ದನಿಯನ್ನು ಹುಡುಕುತ್ತಿದ್ದರು.

ಬೆರೆತದ್ದನ್ನು ಬಿಡಿಸುವ ತಂತ್ರಾಂಶಗಳು ಈಗ ಬಂದಿವೆ. 2019ರಲ್ಲಿ ಫ್ರಾನ್ಸಿನ ಡೀಜರ್ ಸಂಸ್ಥೆಯವರು ಸ್ಪ್ಲೀಟರ್ ಎಂಬುದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದರ ಅನಂತರ ಇನ್ನೂ ಉತ್ತಮವಾದವು ಬಂದಿವೆ. ನಾನೂ ಪ್ರಯತ್ನಿಸಿದೆ. ದನಿ ಬಂತು, ಬಾರದೆ ಇರಲಿಲ್ಲ. ಆದರೆ ನೀರಿನೊಳಗಿಂದ ಬಂದಂತೆ ಅಂಚು ಕರಗಿ ಬಂತು. ಸಭಾಂಗಣದ ಅನುರಣನ ಅಂಟಿಕೊಂಡೇ ಇತ್ತು. ಬಳೆಯ ಸದ್ದನ್ನು ಯಂತ್ರ ತಾಳವಾದ್ಯವೆಂದು ತಿಳಿದು ತಬಲದ ಜೊತೆ ಕಳಿಸಿಬಿಟ್ಟಿತ್ತು. ಕಲ್ಲಿನ ಸದ್ದನ್ನಂತೂ ನಾವೇ ಮೊದಲೇ ಗಲಾಟೆಯೆಂದು ಅಳಿಸಿದ್ದೆವು. ಆ ಹಾಡಿಗೆ ಹುಟ್ಟಿನಿಂದ ಇದ್ದ ಪಕ್ಕವಾದ್ಯ ಅದೊಂದೇ ಆಗಿತ್ತೆಂಬುದು ಆಗ ನನಗೆ ಹೊಳೆದಿರಲಿಲ್ಲ.

ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಕೂಡಲಿಯಲ್ಲಿ ಸೇರುತ್ತವೆ. ಸಂಗಮದ ಕೆಳಗೆ ನಿಂತು ಒಂದು ಬೊಗಸೆ ನೀರೆತ್ತಿ, ಇದರಲ್ಲಿ ತುಂಗೆ ಎಷ್ಟು, ಭದ್ರೆ ಎಷ್ಟು ಎಂದು ಹೇಳಬಲ್ಲವರು ಯಾರು? ಆದರೆ ನದಿಗಳಿಗೆ ಒಂದು ಅನುಕೂಲವಿದೆ. ಮೇಲೆ ಶಿವಮೊಗ್ಗಕ್ಕೆ ಬಂದರೆ ತುಂಗೆ, ಭದ್ರಾವತಿಗೆ ಬಂದರೆ ಭದ್ರೆ ಬೇರೆ ಬೇರೆಯಾಗಿ ಇಂದೂ ಹರಿಯುತ್ತಿವೆ. 1967ರಲ್ಲಿ ಬೀಟಲ್ಸ್ ತಂಡದವರು 'ಸಾರ್ಜೆಂಟ್ ಪೆಪ್ಪರ್' ತಟ್ಟೆಯನ್ನು ನಾಲ್ಕೇ ಟ್ರ್ಯಾಕುಗಳ ಯಂತ್ರಗಳಲ್ಲಿ ಮಾಡಿದಾಗ, ಜಾಗಕ್ಕಾಗಿ ಹಲವು ನಾದಗಳನ್ನು ಒಂದು ಟ್ರ್ಯಾಕಿಗೆ ಬೆರೆಸಿ ಮುಂದುವರಿಯಬೇಕಿತ್ತು. ಬೆರೆಸಿದ ಆ ಟ್ರ್ಯಾಕಿನೊಳಗೆ ಮತ್ತೆ ಏರಿಳಿಸುವಂತಿರಲಿಲ್ಲ. ಅವರಿಗೆ ಅದು ಯಂತ್ರ ಹಾಕಿದ ಕಟ್ಟು. ನಮಗೆ ಅಂಥ ಕಟ್ಟೇನೂ ಇರಲಿಲ್ಲ. ಇದ್ದದ್ದು ಉದಾಸೀನ ಮಾತ್ರ.

ಆದುದರಿಂದ ಗುರುಗಳಲ್ಲಿ ಮತ್ತು ಸಹಪಾಠಿಗಳಲ್ಲಿ ನನ್ನದೊಂದು ಸಲಹೆ. ಮುಂದಿನ ವರ್ಷದಿಂದ ನಮ್ಮ ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಕೇರಿಯ ಹಿರಿಯರೊಬ್ಬರಿಂದ ಒಂದು ಪದವನ್ನು ಅವರ ಒಪ್ಪಿಗೆ ಪಡೆದು ಮುದ್ರಿಸಿ ತರಲಿ. ವಾದ್ಯ ಬೇಡ, ಅನುರಣನ ಬೇಡ, ಗಲಾಟೆ ಅಳಿಸುವುದೂ ಬೇಡ. ಕಲ್ಲು, ಒನಕೆ, ತೊಟ್ಟಿಲು ಏನು ಸದ್ದು ಮಾಡುತ್ತದೆಯೋ ಮಾಡಲಿ. ಹಾಡಿದವರ ಹೆಸರು, ಊರು, ದಿನಾಂಕ ಬರೆದು ನಮ್ಮ ಗ್ರಂಥಾಲಯದಲ್ಲಿ ಒಂದು ಪ್ರತಿ, ಮನೆಯಲ್ಲಿ ಒಂದು ಪ್ರತಿ ಇಡೋಣ. ಪುಸ್ತಕಕ್ಕೆ ಕಪಾಟು ಕೊಟ್ಟವರು ದನಿಗೂ ಒಂದು ಸಣ್ಣ ಮೂಲೆ ಕೊಡಲಾರರೇ? ಆ ಮೂಲಪ್ರತಿಯನ್ನು ಮುಟ್ಟದೆ, ಅದರ ನಕಲಿನ ಮೇಲೆ ಯಾರು ಎಷ್ಟು ವಾದ್ಯ ಬೇಕಾದರೂ ಸೇರಿಸಲಿ, ಏರಿಸಲಿ, ಇಳಿಸಲಿ, ಕೆಡಿಸಲಿ, ಕಲಿಯಲಿ. ಕೆಟ್ಟರೆ ಮತ್ತೆ ಆರಂಭಿಸಲು ಮೂಲವಿರುತ್ತದೆ.

ಕಳೆದ ತಿಂಗಳು ನಾನು ಅಜ್ಜಿಯ ನೆರೆಮನೆಯ ಮುದುಕಿಯೊಬ್ಬರ ಬಳಿಗೆ ಹೋಗಿದ್ದೆ. ಅದೇ ಪದ ಅವರಿಗೂ ಬರುತ್ತದೆ, ಮಾತು ಒಂದೆರಡು ಕಡೆ ಬೇರೆ. ಅಜ್ಜಿಯ ಕಲ್ಲನ್ನೇ ಎತ್ತಿಕೊಂಡು ಹೋಗಿ ಅವರ ಮುಂದಿಟ್ಟು, ಒಂದು ಹಿಡಿ ರಾಗಿ ಕೊಟ್ಟು, ಒಂದು ಗೇಣು ದೂರದಲ್ಲಿ ಫೋನು ಹಿಡಿದೆ. ಆ ಮುದ್ರಣ ಈಗ ಮೂರು ಕಡೆ ಭದ್ರವಾಗಿದೆ. ಅದಕ್ಕೆ ತಬಲದ ಗೆಳೆಯ ಇನ್ನೂ ಕೈಹಾಕಿಲ್ಲ. ಮೊನ್ನೆ ಕೇಳಿ, "ಇದಕ್ಕೆ ನಾನು ಬೇಡ ಕಣೋ, ಕಲ್ಲೇ ಸಾಕು" ಎಂದ.